ಗುಣಮಟ್ಟ ವೃತ್ತ

ಗುಣಮಟ್ಟ ವೃತ್ತ ಎಂದರೆ ಒಂದೇ ವಿಭಾಗದಲ್ಲಿ ಒಂದೇ ಬಗೆಯ ಅಥವಾ ಒಂದಕ್ಕೊಂದು ಹೊಂದಿಕೊಂಡ ಕೆಲಸ ಮಾಡುವ ಕೆಲವು ನೌಕರರು ಸ್ವಇಚ್ಛೆಯಿಂದ ಗುಂಪಾಗಿ, ಗೊತ್ತುಪಡಿಸಿದ ವೇಳೆಗೆ ಸೇರಿ, ತಮ್ಮ ಕೆಲಸದ ತೊಡಕುಗಳನ್ನು ತಾವೇ ಗುರುತಿಸಿ, ಅಂಕಿ ಅಂಶಗಳ ನೆರವಿನಿಂದ ಕಾರಣ ಹುಡುಕಿ, ಪರಿಹಾರವನ್ನು ಜಾರಿಗೆ ತರುವ ಇಲ್ಲವೇ ಆಡಳಿತವರ್ಗದ ಮುಂದಿಡುವ ವ್ಯವಸ್ಥೆ. ಕಾರ್ಖಾನೆಗಳ ಆಡುಮಾತಿನಲ್ಲಿ ಇದು ಕ್ವಾಲಿಟಿ ಸರ್ಕಲ್ ಅಥವಾ ಕ್ಯೂಸಿ. ಜಪಾನಿನಲ್ಲಿ 1962ರಲ್ಲಿ ರೂಪುಗೊಂಡ ಈ ವ್ಯವಸ್ಥೆ 1970ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿಗೂ 1980ರ ದಶಕದ ಆರಂಭದಲ್ಲಿ ಭಾರತಕ್ಕೂ ಬಂತು. ಉದ್ಯಮದಲ್ಲಿ ಸಹಕಾರದ ತಂಡ ಸಂಸ್ಕೃತಿಯನ್ನು ಬೆಳೆಸಲು ನಡೆದ ಯೋಜಿತ ಪ್ರಯತ್ನಗಳಲ್ಲಿ ಇಷ್ಟು ವ್ಯಾಪಕವಾಗಿ ಹಬ್ಬಿದವು, ಇಷ್ಟು ದೀರ್ಘಕಾಲ ಉಳಿದವು ಕಡಿಮೆ.

ವೃತ್ತದ ಲಕ್ಷಣಗಳಲ್ಲಿ ಎರಡು ಮುಖ್ಯ. ಸಮಸ್ಯೆಯನ್ನು ಆಯುವವರು ಅದನ್ನು ದಿನವೂ ಅನುಭವಿಸುವವರೇ ಆಗಿರಬೇಕು. ಸದಸ್ಯತ್ವ ಯಾರ ಮೇಲೂ ಹೇರಿದ್ದಾಗಿರಬಾರದು. ವೃತ್ತಗಳ ಇತಿಹಾಸದಲ್ಲಿ ಎದ್ದ ವಿವಾದಗಳಲ್ಲಿ ಹೆಚ್ಚಿನವು ಈ ಎರಡನೆಯ ಲಕ್ಷಣಕ್ಕೆ ಸಂಬಂಧಿಸಿದವು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾರ್ಖಾನೆಗಳು ಅನುಸರಿಸಿದ್ದು ಬಹುಮಟ್ಟಿಗೆ ಅಮೆರಿಕದ ಫ್ರೆಡರಿಕ್ ಟೇಲರ್ ಪ್ರತಿಪಾದಿಸಿದ ಕ್ರಮವನ್ನು. ಕೆಲಸದ ವಿಧಾನವನ್ನು ಎಂಜಿನಿಯರು ನಿರ್ಧರಿಸುತ್ತಿದ್ದ, ಕಾರ್ಮಿಕ ಹೇಳಿದಂತೆ ಮಾಡುತ್ತಿದ್ದ, ತಯಾರಾದ ವಸ್ತುವಿನ ದೋಷವನ್ನು ತಪಾಸಣೆಗಾರ ಹಿಡಿಯುತ್ತಿದ್ದ. ದೋಷ ಹುಟ್ಟುವ ಜಾಗದಲ್ಲಿ ನಿಂತವನಿಗೆ ಅದರ ಬಗ್ಗೆ ಮಾತಾಡುವ ಅವಕಾಶ ಈ ಕ್ರಮದಲ್ಲಿ ಇರಲಿಲ್ಲ. 1924ರಲ್ಲಿ ವಾಲ್ಟರ್ ಶೂಹಾರ್ಟ್ ನಿಯಂತ್ರಣ ನಕ್ಷೆಯನ್ನು ರೂಪಿಸಿದ ಮೇಲೆ ಸಂಖ್ಯಾಶಾಸ್ತ್ರ ಕಾರ್ಖಾನೆಯೊಳಕ್ಕೆ ಬಂದರೂ ಅದು ಪರಿಣತರ ಕೈಯಲ್ಲೇ ಉಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನ ಸರಕುಗಳಿಗೆ ಅಗ್ಗದ ಮಾಲು ಎಂಬ ಹೆಸರಿತ್ತು. ರಫ್ತು ಹೆಚ್ಚದೆ ಆ ದೇಶಕ್ಕೆ ಉಳಿವಿರಲಿಲ್ಲ. 1946ರಲ್ಲಿ ಸ್ಥಾಪನೆಯಾದ ಜಪಾನಿನ ವಿಜ್ಞಾನಿ ಮತ್ತು ಎಂಜಿನಿಯರುಗಳ ಒಕ್ಕೂಟ (ಜ್ಯೂಸ್) ಗುಣಮಟ್ಟ ನಿಯಂತ್ರಣದ ಬೋಧನೆಯನ್ನು ಕೈಗೆತ್ತಿಕೊಂಡಿತು. ಅದರ ಆಹ್ವಾನದ ಮೇರೆಗೆ ಅಮೆರಿಕದ ಗುಣಮಟ್ಟ ತಜ್ಞರಾದ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ, ಜೋಸೆಫ್ ಜುರಾನ್ 1954ರಲ್ಲಿ ಅಲ್ಲಿ ಉಪನ್ಯಾಸ ನೀಡಿದರು. ಡೆಮಿಂಗ್ ಬಿಟ್ಟುಕೊಟ್ಟ ಉಪನ್ಯಾಸ ಪುಸ್ತಕದ ಗೌರವಧನದಿಂದ 1951ರಲ್ಲಿ ಡೆಮಿಂಗ್ ಪ್ರಶಸ್ತಿ ಶುರುವಾಯಿತು. ಇವರ ಶ್ರೋತೃಗಳು ಎಂಜಿನಿಯರುಗಳು ಮತ್ತು ಮೇಲಧಿಕಾರಿಗಳು. ಫೋರ್‌ಮನ್‌ಗಳಾಗಲಿ ಕಾರ್ಮಿಕರಾಗಲಿ ಅಲ್ಲ. ಗುಣಮಟ್ಟ ವೃತ್ತವನ್ನು ಡೆಮಿಂಗ್ ಜಪಾನಿಗೆ ಕೊಟ್ಟರೆಂದು ಹಲವೆಡೆ ಕಾಣುವ ಹೇಳಿಕೆ ಸರಿಯಲ್ಲ.

ಕಾರ್ಮಿಕ ಸಂಬಂಧಗಳೂ ಆಗ ಶಾಂತವಾಗಿರಲಿಲ್ಲ. 1950ರ ವಿವಾದದ ಪರಿಣಾಮವಾಗಿ ಟೊಯೋಟಾದ ಅಧ್ಯಕ್ಷ ಕಿಯಿಚಿರೊ ಟೊಯೋಡ ರಾಜೀನಾಮೆ ಕೊಟ್ಟರು. 1953ರಲ್ಲಿ ನಿಸಾನಿನಲ್ಲಿಯೂ 1960ರಲ್ಲಿ ಮಿಯಿಕೆ ಕಲ್ಲಿದ್ದಲು ಗಣಿಯಲ್ಲಿಯೂ ದೀರ್ಘ ಹೋರಾಟಗಳು ನಡೆದವು. ಇವುಗಳ ತರುವಾಯ ಆಯಾ ಕಂಪನಿಗೆ ಸೀಮಿತವಾದ, ಆಡಳಿತದೊಂದಿಗೆ ಹೊಂದಿಕೊಂಡು ನಡೆಯುವ ಸಂಘಗಳು ಬಲಗೊಂಡವು. ವೃತ್ತಗಳು ಬೇರೂರಿದ ನೆಲ ಇದು.

ಹುಟ್ಟು

ಟೋಕಿಯೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾವೊರು ಇಶಿಕಾವ (1915–1989) ಈ ವ್ಯವಸ್ಥೆಯ ಪ್ರವರ್ತಕ. 1962ರ ಏಪ್ರಿಲ್‌ನಲ್ಲಿ ಜ್ಯೂಸ್ ಒಕ್ಕೂಟ ಫೋರ್‌ಮನ್‌ಗಳಿಗಾಗಿ ‘ಗೆಂಬಾ ತೊ ಕ್ಯೂಸಿ’ (ಕೆಲಸದ ಜಾಗ ಮತ್ತು ಗುಣಮಟ್ಟ ನಿಯಂತ್ರಣ) ಎಂಬ ಪತ್ರಿಕೆಯನ್ನು ಹೊರತಂದಿತು. ಕೊಳ್ಳುವವರು ತಮ್ಮ ಜೇಬಿನಿಂದಲೇ ಹಣ ಕೊಡಬಲ್ಲಷ್ಟು ಬೆಲೆಯನ್ನು ಇಳಿಸಲಾಗಿತ್ತು. ದಿನವಿಡೀ ದುಡಿದವರು ಒಬ್ಬೊಬ್ಬರೇ ಕುಳಿತು ಓದುವುದು ಕಷ್ಟವೆಂದು ಬಲ್ಲ ಸಂಪಾದಕರು ಪ್ರತಿ ವಿಭಾಗದಲ್ಲೂ ಒಂದು ಗುಂಪು ಕಟ್ಟಿಕೊಂಡು ಒಟ್ಟಿಗೆ ಓದುವಂತೆ, ಓದಿದ್ದನ್ನು ತಮ್ಮ ಯಂತ್ರದ ಮೇಲೆ ಪ್ರಯೋಗಿಸಿ ನೋಡುವಂತೆ ಕರೆಕೊಟ್ಟರು. ಹೀಗೆ ವೃತ್ತ ಮೊದಲಿಗೆ ಒಂದು ಓದುಕೂಟವಾಗಿತ್ತು. ಸಮಸ್ಯೆ ಬಿಡಿಸುವ ತಂಡವಾದದ್ದು ಆಮೇಲೆ. ಸ್ವಇಚ್ಛೆಯ ಮೇಲೆ ಇಶಿಕಾವ ಇಟ್ಟ ಒತ್ತಿಗೂ ಇದೇ ಹಿನ್ನೆಲೆ: ಕಲಿಕೆಯನ್ನು ಆಜ್ಞೆಯಿಂದ ಮಾಡಿಸಲಾಗದು ಎಂಬುದು ಅವರ ನಿಲುವು.

ಒಕ್ಕೂಟದಲ್ಲಿ ಮೊದಲು ನೋಂದಾಯಿಸಿದ್ದು ನಿಪ್ಪಾನ್ ಟೆಲಿಗ್ರಾಫ್ ಅಂಡ್ ಟೆಲಿಫೋನ್ ನಿಗಮದ ಮತ್ಸುಯಾಮಾ ಘಟಕದ ವೃತ್ತ. 1963ರಲ್ಲಿ ಸೆಂಡಾಯ್ ನಗರದಲ್ಲಿ ವೃತ್ತಗಳ ಮೊದಲ ಸಮಾವೇಶ ನಡೆಯಿತು. 1970ರಲ್ಲಿ ಮೂಲತತ್ತ್ವಗಳ ಕೈಪಿಡಿ ಪ್ರಕಟವಾಯಿತು. 1980ರ ದಶಕದಲ್ಲಿ ನೋಂದಾಯಿತ ವೃತ್ತಗಳು ಲಕ್ಷವನ್ನು ಮೀರಿದ್ದವು.

ರಚನೆ

ವೃತ್ತದಲ್ಲಿ ಸಾಮಾನ್ಯವಾಗಿ ಐದರಿಂದ ಹತ್ತು ಮಂದಿ ಇರುತ್ತಾರೆ. ಇದಕ್ಕಿಂತ ಹೆಚ್ಚಾದರೆ ಮಾತು ಇಬ್ಬರು ಮೂವರಲ್ಲೇ ಉಳಿದು ಮಿಕ್ಕವರು ಕೇಳುಗರಾಗುತ್ತಾರೆ. ಸದಸ್ಯರು ತಮ್ಮಲ್ಲೊಬ್ಬರನ್ನು ನಾಯಕರನ್ನಾಗಿ ಆರಿಸಿಕೊಳ್ಳುತ್ತಾರೆ. ಆರಂಭದಲ್ಲಿ ಫೋರ್‌ಮನ್ ಅಥವಾ ಸೂಪರ್‌ವೈಸರ್ ನಾಯಕನಾಗುವುದು ವಾಡಿಕೆ. ವೃತ್ತ ಪಳಗಿದಂತೆ ಈ ಹೊಣೆ ಸದಸ್ಯರಲ್ಲಿ ಸರದಿಯಂತೆ ತಿರುಗುತ್ತದೆ. ಹಲವು ವೃತ್ತಗಳಿಗೆ ತರಬೇತಿ ಕೊಟ್ಟು, ಬೇರೆ ವಿಭಾಗಗಳಿಂದ ಬೇಕಾದ ಮಾಹಿತಿ ದೊರಕಿಸಿಕೊಡುವ ಅಧಿಕಾರಿಗೆ ಫೆಸಿಲಿಟೇಟರ್ ಎನ್ನುತ್ತಾರೆ. ಮೇಲ್ಮಟ್ಟದಲ್ಲಿ ಇಡೀ ಸಂಸ್ಥೆಯ ವೃತ್ತಗಳನ್ನು ನೋಡಿಕೊಳ್ಳುವ ಮಾರ್ಗದರ್ಶಕ ಸಮಿತಿಯೂ ಒಬ್ಬ ಸಂಯೋಜಕರೂ ಇರುತ್ತಾರೆ.

ಸಭೆ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ, ಸುಮಾರು ಒಂದು ಗಂಟೆ. ಭಾರತದ ಕಾರ್ಖಾನೆಗಳಲ್ಲಿ ಅದು ಹೆಚ್ಚಾಗಿ ಶಿಫ್ಟಿನ ಅವಧಿಯೊಳಗೆ ಅಥವಾ ಶಿಫ್ಟ್ ಬದಲಾಗುವ ಹೊತ್ತಿಗೆ ನಡೆಯುತ್ತದೆ. ಪ್ರತಿ ವೃತ್ತ ತನಗೊಂದು ಹೆಸರಿಟ್ಟುಕೊಂಡು, ಸಭೆಯ ನಡವಳಿಯನ್ನು ಪುಸ್ತಕದಲ್ಲಿ ಬರೆದಿಡುತ್ತದೆ. ಸಂಬಳ, ಬಡ್ತಿ, ಶಿಸ್ತುಕ್ರಮ, ರಜೆ ಮುಂತಾದವು ಚರ್ಚೆಯ ವ್ಯಾಪ್ತಿಗೆ ಬರುವುದಿಲ್ಲ. ಅವು ಕಾರ್ಮಿಕ ಸಂಘ ಮತ್ತು ಆಡಳಿತದ ನಡುವಿನ ವಿಷಯಗಳು.

ಕೆಲಸದ ಕ್ರಮ

ವೃತ್ತ ಮೊದಲು ವಿಭಾಗದ ತೊಡಕುಗಳನ್ನೆಲ್ಲ ಪಟ್ಟಿಮಾಡಿ, ಅವುಗಳಲ್ಲಿ ತಾನೇ ಬಗೆಹರಿಸಬಲ್ಲವು ಯಾವುವು, ಬೇರೆ ವಿಭಾಗದ ನೆರವು ಬೇಕಾದವು ಯಾವುವು, ಆಡಳಿತದ ಒಪ್ಪಿಗೆಯಿಲ್ಲದೆ ಮುಟ್ಟಲಾಗದವು ಯಾವುವು ಎಂದು ಮೂರಾಗಿ ವಿಂಗಡಿಸುತ್ತದೆ. ಹೊಸ ವೃತ್ತಗಳು ಮೊದಲ ಬಗೆಯದನ್ನೇ ಆರಿಸಿಕೊಳ್ಳಬೇಕೆಂಬುದು ರೂಢಿಯ ಸಲಹೆ. ಆಮೇಲಿನ ಹಂತಗಳು ಅಂಕಿ ಅಂಶ ಸಂಗ್ರಹ, ಕಾರಣಗಳ ಶೋಧ, ಮೂಲಕಾರಣದ ಖಚಿತಪಡಿಕೆ, ಪರಿಹಾರದ ಪ್ರಯೋಗ, ಫಲಿತಾಂಶದ ಅಳತೆ ಮತ್ತು ಹೊಸ ವಿಧಾನವನ್ನು ನಿಯಮವಾಗಿಸುವುದು. ಭಾರತದಲ್ಲಿ ಇದನ್ನೇ ಹನ್ನೆರಡು ಹಂತಗಳಾಗಿ ಬಿಡಿಸಿ ಕಲಿಸುತ್ತಾರೆ.

ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಲೋಹದ ಭಾಗಗಳಿಗೆ ತೂತು ಕೊರೆಯುವ ವಿಭಾಗವೊಂದರಲ್ಲಿ ಡ್ರಿಲ್ ಬಿಟ್‌ಗಳು ಪದೇ ಪದೇ ಮುರಿಯುತ್ತಿವೆ. ಆಪರೇಟರುಗಳ ಅಜಾಗರೂಕತೆ ಎಂಬುದು ಕಚೇರಿಯ ತೀರ್ಮಾನ. ಕೊಂಡುತಂದ ಬಿಟ್‌ಗಳೇ ಕಳಪೆ ಎಂಬುದು ಆಪರೇಟರುಗಳ ತೀರ್ಮಾನ. ವೃತ್ತ ಎರಡನ್ನೂ ಬದಿಗಿಟ್ಟು, ಕೆಲವು ವಾರ ಪ್ರತಿ ಮುರಿತವನ್ನೂ ಯಂತ್ರ, ಶಿಫ್ಟ್, ಬಿಟ್‌ನ ಅಳತೆ, ಲೋಹದ ಲಾಟ್ ಇವುಗಳಿಗೆ ಅನುಸಾರವಾಗಿ ಹಾಳೆಯಲ್ಲಿ ಗುರುತುಹಾಕುತ್ತದೆ. ವಿಂಗಡಿಸಿ ನೋಡಿದಾಗ ಮುರಿತಗಳು ಎಲ್ಲ ಯಂತ್ರಗಳಲ್ಲೂ ಇವೆ, ಆದರೆ ಹೆಚ್ಚಿನವು ರಾತ್ರಿ ಶಿಫ್ಟಿನಲ್ಲಿ ಎಂಬುದು ಕಾಣುತ್ತದೆ. ಬಿಟ್ ಕಳಪೆಯಾಗಿದ್ದರೆ ಹಗಲಿನಲ್ಲೂ ಅಷ್ಟೇ ಮುರಿಯಬೇಕಿತ್ತು. ರಾತ್ರಿ ಬೇರೆಯಾಗಿರುವುದು ಏನು ಎಂದು ಕೇಳುತ್ತಾ ಹೋದರೆ ಕೂಲೆಂಟ್ ತೆಳ್ಳಗಾಗಿರುವುದು, ತೆಳ್ಳಗಾದದ್ದು ತೊಟ್ಟಿಗೆ ಬರೀ ನೀರು ಸುರಿದದ್ದರಿಂದ, ನೀರು ಸುರಿದದ್ದು ಕೂಲೆಂಟ್ ಎಣ್ಣೆ ಸಿಗದ್ದರಿಂದ, ಎಣ್ಣೆ ಸಿಗದ್ದು ಸ್ಟೋರ್ಸ್ ಸಂಜೆಗೇ ಬೀಗ ಹಾಕುವುದರಿಂದ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪರಿಹಾರಕ್ಕೆ ಹೊಸ ಯಂತ್ರ ಬೇಡ; ವಿಭಾಗದಲ್ಲೇ ಒಂದು ಕ್ಯಾನ್ ಎಣ್ಣೆ, ಒಂದು ಅಳತೆಯ ಮಗ್, ಬೆರಕೆಯ ಪ್ರಮಾಣ ಬರೆದ ಫಲಕ ಸಾಕು. ಮುಂದಿನ ವಾರಗಳ ಮುರಿತವನ್ನು ಅದೇ ಹಾಳೆಯಲ್ಲಿ ಎಣಿಸಿ ಹಿಂದಿನದರೊಂದಿಗೆ ಹೋಲಿಸಿದ ಮೇಲಷ್ಟೇ ಸಮಸ್ಯೆ ಮುಗಿಯಿತೆಂದು ವೃತ್ತ ಬರೆದುಕೊಳ್ಳುತ್ತದೆ. ಸ್ಟೋರ್ಸಿನ ಬೀಗದ ವೇಳೆಗೂ ಬಿಟ್‌ನ ಮುರಿತಕ್ಕೂ ಇರುವ ನಂಟು ರಾತ್ರಿ ಶಿಫ್ಟಿನವನಿಗೆ ಗೊತ್ತಿರುತ್ತದೆ, ಹಗಲಿನ ಎಂಜಿನಿಯರಿಗೆ ಕಾಣುವುದಿಲ್ಲ.

ಉಪಕರಣಗಳು

ವೃತ್ತಗಳು ಬಳಸುವ ಸಾಧನಗಳಿಗೆ ಏಳು ಮೂಲ ಉಪಕರಣಗಳೆಂದು ಹೆಸರು. ಶಾಲೆಯ ಗಣಿತ ಬಲ್ಲವರಿಗೆ ದಕ್ಕುವಂತೆ ಇಶಿಕಾವ ಇವನ್ನು ಆಯ್ದರು; ಕಾರ್ಖಾನೆಯ ತೊಡಕುಗಳಲ್ಲಿ ಬಹುಪಾಲನ್ನು ಇಷ್ಟರಿಂದಲೇ ಬಿಡಿಸಬಹುದೆಂದು ಅವರು ನಂಬಿದ್ದರು. ಘಟನೆಗಳನ್ನು ಎಣಿಸಲು ಗುರುತು ಹಾಳೆ, ಎಣಿಸಿದ್ದನ್ನು ಮೂಲಕ್ಕೆ ತಕ್ಕಂತೆ ಬೇರ್ಪಡಿಸಲು ಸ್ತರೀಕರಣ, ಯಾವ ದೋಷ ಮೊದಲು ಹಿಡಿಯತಕ್ಕದ್ದೆಂದು ತೋರಿಸಲು ಪರೇಟೊ ಚಿತ್ರ, ಅಳತೆಗಳ ಹರವನ್ನು ಕಾಣಲು ಹಿಸ್ಟೋಗ್ರಾಂ, ಎರಡು ಸಂಗತಿಗಳ ನಂಟನ್ನು ಪರೀಕ್ಷಿಸಲು ಚದುರು ಚಿತ್ರ, ಪ್ರಕ್ರಿಯೆ ಹಳಿ ತಪ್ಪುತ್ತಿದೆಯೇ ಎಂದು ನೋಡಲು ನಿಯಂತ್ರಣ ನಕ್ಷೆ, ಇವು ಆರು.

ಏಳನೆಯದು ಕಾರಣ-ಪರಿಣಾಮ ಚಿತ್ರ. ಇದನ್ನು ಇಶಿಕಾವ ಚಿತ್ರವೆಂದೂ ಆಕಾರದಿಂದಾಗಿ ಮೀನಿನ ಮುಳ್ಳಿನ ಚಿತ್ರವೆಂದೂ ಕರೆಯುತ್ತಾರೆ. ಬಲತುದಿಯಲ್ಲಿ ದೋಷವನ್ನು ಬರೆದು, ಅದಕ್ಕೆ ಸೇರುವ ನಡುಗೆರೆಗೆ ಮನುಷ್ಯ, ಯಂತ್ರ, ವಸ್ತು, ವಿಧಾನ ಎಂಬ ಕವಲುಗಳನ್ನು ಎಳೆದು, ಪ್ರತಿ ಕವಲಿಗೂ ಸಂಭವನೀಯ ಕಾರಣಗಳನ್ನು ಸೇರಿಸುತ್ತಾರೆ. ತಾಂತ್ರಿಕ ಪ್ರಯೋಜನಕ್ಕಿಂತಲೂ ಹೆಚ್ಚಾಗಿ ಇದರ ಪ್ರಯೋಜನ ಸಭೆಯ ನಡತೆಗೆ ಸಂಬಂಧಿಸಿದ್ದು. ಸರದಿಯ ಮೇಲೆ ಎಲ್ಲರೂ ಒಂದೊಂದು ಕಾರಣ ಹೇಳಬೇಕು, ಹೇಳಿದ್ದನ್ನು ಆಗಲೇ ಅಲ್ಲಗಳೆಯಬಾರದು, ಹಾಳೆಯ ಮೇಲೆ ಬರೆಯಬೇಕು. ಇದರಿಂದ ತಪ್ಪು ಯಾರದು ಎಂಬ ಪ್ರಶ್ನೆ ತಪ್ಪು ಎಲ್ಲಿದೆ ಎಂಬುದಕ್ಕೆ ತಿರುಗುತ್ತದೆ.

ಸದೃಶ ವ್ಯವಸ್ಥೆಗಳು

ಗುಣಮಟ್ಟ ವೃತ್ತವನ್ನು ಅದನ್ನು ಹೋಲುವ ಇತರ ಏರ್ಪಾಡುಗಳಿಂದ ಬೇರ್ಪಡಿಸಿ ನೋಡಬೇಕು. ಸಲಹಾ ಪೆಟ್ಟಿಗೆಯಲ್ಲಿ ಒಬ್ಬನೇ ನೌಕರ ಸಲಹೆ ಬರೆದು ಹಾಕುತ್ತಾನೆ. ಅದರ ಪರಿಶೀಲನೆ ಬೇರೆಯವರದು. ಕಾರ್ಯಪಡೆಯನ್ನು ಆಡಳಿತ ನೇಮಿಸುತ್ತದೆ, ಕೆಲಸ ಮುಗಿದಾಗ ವಿಸರ್ಜಿಸುತ್ತದೆ. ವೃತ್ತ ಒಂದು ಸಮಸ್ಯೆ ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಜಪಾನಿನ ಉಕ್ಕಿನ ಕಾರ್ಖಾನೆಗಳ ‘ಜಿಶು ಕಾನ್ರಿ’ (ಸ್ವಯಂ ನಿರ್ವಹಣೆ) ಗುಂಪುಗಳು ವೃತ್ತದ ಸೋದರರೂಪ. ಸ್ವೀಡನ್ನಿನ ಕಾಲ್ಮಾರ್‌ನಲ್ಲಿ 1974ರಲ್ಲಿ ಶುರುವಾದ ವೋಲ್ವೊ ಕಾರ್ಖಾನೆಯ ಸ್ವಾಯತ್ತ ತಂಡಗಳು ಇನ್ನೂ ಮುಂದೆ ಹೋಗಿ, ಯಾರು ಯಾವ ಕೆಲಸ ಮಾಡಬೇಕೆಂಬುದನ್ನೂ ತಾವೇ ಹಂಚಿಕೊಳ್ಳುತ್ತಿದ್ದವು. ಆ ಅಧಿಕಾರ ವೃತ್ತಕ್ಕಿಲ್ಲ. ಭಾರತದ 1947ರ ಕೈಗಾರಿಕಾ ವಿವಾದ ಕಾಯ್ದೆ ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸೂಚಿಸಿದ ವರ್ಕ್ಸ್ ಕಮಿಟಿ ಇವೆಲ್ಲಕ್ಕಿಂತ ಬೇರೆ: ಅದು ಶಾಸನಬದ್ಧ, ಅಲ್ಲಿ ಕಾರ್ಮಿಕರೂ ಮಾಲೀಕರೂ ಪ್ರತಿನಿಧಿಗಳ ಮೂಲಕ ಎದುರುಬದುರು ಕೂರುತ್ತಾರೆ.

ಇತರ ದೇಶಗಳಲ್ಲಿ

1966ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನವೊಂದರಲ್ಲಿ ಜುರಾನ್ ವೃತ್ತಗಳ ಬಗ್ಗೆ ವಿವರಿಸಿದಾಗ ಪಶ್ಚಿಮದಲ್ಲಿ ಅವು ಮೊದಲು ಗಮನ ಸೆಳೆದವು. ಅಮೆರಿಕದ ಲಾಕ್‌ಹೀಡ್ ಕಂಪನಿಯ ತಂಡ 1973ರಲ್ಲಿ ಜಪಾನಿಗೆ ಹೋಗಿ ನೋಡಿಬಂದು, ಮರುವರ್ಷ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ವೃತ್ತಗಳನ್ನು ಆರಂಭಿಸಿತು. ಬ್ರಿಟನ್ನಿನಲ್ಲಿ ಡರ್ಬಿಯ ರೋಲ್ಸ್ ರಾಯ್ಸ್ ಕಾರ್ಖಾನೆ ಮುಂದಾಯಿತು. ಜಪಾನಿನ ಕಾರುಗಳ ಪೈಪೋಟಿಯಿಂದ ಕಂಗೆಟ್ಟ ಅಮೆರಿಕದಲ್ಲಿ 1980ರ ಜೂನ್‌ನಲ್ಲಿ ಎನ್‌ಬಿಸಿ ದೂರದರ್ಶನ, ಜಪಾನಿನಿಂದ ಆಗುವುದು ನಮ್ಮಿಂದೇಕೆ ಆಗದು ಎಂದು ಕೇಳುವ ಸಾಕ್ಷ್ಯಚಿತ್ರ ಪ್ರಸಾರಮಾಡಿದ ಮೇಲೆ ವೃತ್ತಗಳು ಅಲ್ಲಿ ಒಂದು ಅಲೆಯಾಗಿ ಹರಡಿದವು.

ಅಲೆ ಬೇಗ ಇಳಿಯಿತು. 1985ರಲ್ಲಿ ಎಡ್ವರ್ಡ್ ಲಾಲರ್ ಮತ್ತು ಸೂಸನ್ ಮೋರ್‌ಮನ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದರ ಕಾರಣಗಳನ್ನು ವಿಶ್ಲೇಷಿಸಿದರು. ವೃತ್ತ ಸಂಸ್ಥೆಯ ನಿತ್ಯದ ಅಧಿಕಾರ ಶ್ರೇಣಿಯ ಪಕ್ಕದಲ್ಲಿ ನಿಂತ ಸಮಾನಾಂತರ ಏರ್ಪಾಡು; ಅದು ಸಲಹೆ ಕೊಡಬಲ್ಲದು, ನಿರ್ಧರಿಸಲಾರದು. ಮೊದಲ ಸುಲಭ ಸಮಸ್ಯೆಗಳು ಮುಗಿದು ಖರ್ಚು ಬೇಡುವ ಸಲಹೆಗಳು ಬರತೊಡಗಿದಾಗ ಮಧ್ಯಮ ಹಂತದ ಅಧಿಕಾರಿಗಳು ಅವನ್ನು ಕಡತದಲ್ಲೇ ಉಳಿಸುತ್ತಾರೆ, ಸದಸ್ಯರು ಬರುವುದನ್ನು ನಿಲ್ಲಿಸುತ್ತಾರೆ. ಈ ವಿವರಣೆ ಅಮೆರಿಕಕ್ಕಷ್ಟೇ ಅಲ್ಲ, ಇತರೆಡೆಗೂ ಬಹುಮಟ್ಟಿಗೆ ಒಪ್ಪುತ್ತದೆ.

ಭಾರತದಲ್ಲಿ

ಭಾರತದಲ್ಲಿ ಸಂಖ್ಯಾಶಾಸ್ತ್ರೀಯ ಗುಣಮಟ್ಟ ನಿಯಂತ್ರಣದ ಪರಿಚಯ ವೃತ್ತಗಳಿಗಿಂತ ಬಹಳ ಹಳೆಯದು. ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಕಲ್ಕತ್ತದಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಹ್ವಾನದ ಮೇರೆಗೆ 1947–48ರಲ್ಲಿ ಶೂಹಾರ್ಟ್ ಇಲ್ಲಿಗೆ ಬಂದಿದ್ದರು. ಡೆಮಿಂಗ್ ಜಪಾನಿನಲ್ಲಿ ಉಪನ್ಯಾಸ ನೀಡಿದ್ದು ಅದಾದ ಮೇಲೆ. ಆದರೆ ಇಲ್ಲಿ ಆ ವಿದ್ಯೆ ಪರಿಣತರಿಂದ ಕೆಳಕ್ಕೆ ಇಳಿಯಲಿಲ್ಲ.

ಕಾರ್ಮಿಕರ ಸಹಭಾಗಿತ್ವದ ಮಾತು ಬೇರೆ ದಾರಿಯಿಂದ ಬಂತು. 1975ರಲ್ಲಿ ಕೇಂದ್ರ ಸರ್ಕಾರ ಶಾಪ್ ಕೌನ್ಸಿಲ್ ಮತ್ತು ಜಂಟಿ ಕೌನ್ಸಿಲ್‌ಗಳ ಯೋಜನೆಯನ್ನು ಪ್ರಕಟಿಸಿತು. 1976ರ ನಲವತ್ತೆರಡನೆಯ ತಿದ್ದುಪಡಿ ಸಂವಿಧಾನಕ್ಕೆ 43ಎ ವಿಧಿಯನ್ನು ಸೇರಿಸಿ, ಉದ್ಯಮದ ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆಯನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿಸಿತು. ಈ ವಾತಾವರಣದಲ್ಲಿ ಹೈದರಾಬಾದಿನ ರಾಮಚಂದ್ರಾಪುರದ ಬಿಎಚ್‌ಇಎಲ್ ಕಾರ್ಖಾನೆ 1980–81ರಲ್ಲಿ ದೇಶದ ಮೊದಲ ವೃತ್ತಗಳನ್ನು ಆರಂಭಿಸಿತು. ಮುಂದಾಳಾದವರು ಅಲ್ಲಿನ ಹಿರಿಯ ಅಧಿಕಾರಿ ಎಸ್.ಆರ್. ಉಡ್ಪ. 1982ರಲ್ಲಿ ಸ್ಥಾಪಿತವಾದ ಕ್ವಾಲಿಟಿ ಸರ್ಕಲ್ ಫೋರಂ ಆಫ್ ಇಂಡಿಯಾ ತರಬೇತಿ, ಪ್ರಕಟಣೆ, ವಾರ್ಷಿಕ ಸಮಾವೇಶಗಳ ಮೂಲಕ ಚಳವಳಿಯನ್ನು ಸಾರ್ವಜನಿಕ ವಲಯದಿಂದ ಖಾಸಗಿ ಕಾರ್ಖಾನೆಗಳಿಗೂ ಒಯ್ದಿತು.

ವೃತ್ತಗಳು ತಮ್ಮ ಕೆಲಸವನ್ನು ಪ್ರಾದೇಶಿಕ ಮಟ್ಟದಲ್ಲಿ, ಅಲ್ಲಿಂದ ರಾಷ್ಟ್ರಮಟ್ಟದಲ್ಲಿ ತೀರ್ಪುಗಾರರ ಮುಂದೆ ಮಂಡಿಸಿ ಶ್ರೇಣಿ ಪಡೆಯುವುದು ಭಾರತದ ಚಳವಳಿಯ ಎದ್ದುಕಾಣುವ ಅಂಗ. ಯಂತ್ರದ ಮುಂದೆ ನಿಲ್ಲುವವರು ಸಭೆಯ ಮುಂದೆ ನಿಂತು ಮಾತಾಡಲು ಕಲಿತದ್ದು ಇದರ ಲಾಭ. ಮಂಡನೆಗೆ ಒಪ್ಪುವಂತೆ ಸಮಸ್ಯೆಯನ್ನು ಆಯುವುದು, ಸಿಕ್ಕ ಪರಿಹಾರಕ್ಕೆ ತಕ್ಕಂತೆ ಹಂತಗಳನ್ನು ಹಿಂದಿನಿಂದ ಬರೆದುಕೊಂಡು ಬರುವುದು ಇದರ ದೋಷ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ಎಚ್‌ಎಎಲ್ (1940), ಎಚ್‌ಎಂಟಿ (1953), ಬಿಇಎಲ್ (1954), ಬಿಇಎಂಎಲ್ (1964) ಮುಂತಾದ ಸಾರ್ವಜನಿಕ ಉದ್ಯಮಗಳು ಬೆಳೆಸಿದ ಕುಶಲ ಕಾರ್ಮಿಕ ವರ್ಗ ವೃತ್ತಗಳಿಗೆ ಸಿದ್ಧ ನೆಲೆಯಾಗಿತ್ತು. ಸಭೆಯ ಚರ್ಚೆ ಇಲ್ಲಿ ಸಾಮಾನ್ಯವಾಗಿ ಕನ್ನಡ, ತಮಿಳು, ತೆಲುಗು ಬೆರೆತ ಮಾತಿನಲ್ಲಿ ನಡೆದರೂ ಚಾರ್ಟುಗಳ ತಲೆಬರಹ ಇಂಗ್ಲಿಷಿನದು. 2002ರಲ್ಲಿ ಡೆಮಿಂಗ್ ಪ್ರಶಸ್ತಿ ಪಡೆದ ಟಿವಿಎಸ್ ಮೋಟಾರ್ ಕಂಪನಿಯ ಒಂದು ಕಾರ್ಖಾನೆ ಮೈಸೂರಿನಲ್ಲಿದೆ.

ಜಪಾನಿನ ಪದ್ಧತಿ ನೇರವಾಗಿ ಬಂದದ್ದು 1997ರಲ್ಲಿ ಸ್ಥಾಪನೆಯಾಗಿ 1999ರ ಕೊನೆಯಲ್ಲಿ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಮೂಲಕ. ಇದೇ ಸ್ಥಾವರದಲ್ಲಿ 2006ರ ಜನವರಿಯಲ್ಲೂ 2020ರ ನವೆಂಬರಿನಲ್ಲೂ ಮುಷ್ಕರ ಮತ್ತು ಲಾಕ್‌ಔಟ್ ನಡೆದವು. 2020ರ ವಿವಾದದಲ್ಲಿ ಕೆಲಸದ ಹೊರೆಯೂ ನೌಕರರ ಅಮಾನತೂ ಮುಖ್ಯ ವಿಷಯಗಳಾಗಿದ್ದವು. ಎರಡೂ ವೃತ್ತದ ವ್ಯಾಪ್ತಿಯ ಹೊರಗಿನವು. ಯಂತ್ರದ ತೊಡಕನ್ನು ಒಟ್ಟಿಗೆ ಕೂತು ಬಿಡಿಸುವ ಅಭ್ಯಾಸ ಸಂಘದ ಮಾತುಕತೆಗೆ ಬದಲಿಯಾಗುವುದಿಲ್ಲ.

ಸ್ವಇಚ್ಛೆಯ ಪ್ರಶ್ನೆ

ವೃತ್ತದ ಕೆಲಸ ಸ್ವಇಚ್ಛೆಯದಾದರೆ ಅದಕ್ಕೆ ಕೂಲಿ ಕೊಡಬೇಕೇ ಎಂಬ ಪ್ರಶ್ನೆ ಜಪಾನಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಟೊಯೋಟಾದ ನೌಕರರೊಬ್ಬರು 2002ರಲ್ಲಿ ಕೆಲಸದ ಸ್ಥಳದಲ್ಲಿ ಕುಸಿದು ಮೃತಪಟ್ಟ ಪ್ರಕರಣದಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ 2007ರ ನವೆಂಬರ್ 30ರಂದು ತೀರ್ಪು ಕೊಟ್ಟು, ವೃತ್ತದ ಚಟುವಟಿಕೆಗೆ ಅವರು ವ್ಯಯಿಸಿದ ವೇಳೆಯನ್ನೂ ಕೆಲಸದ ವೇಳೆಯೆಂದೇ ಪರಿಗಣಿಸಿತು. ಮರುವರ್ಷ ಟೊಯೋಟಾ ವೃತ್ತದ ಚಟುವಟಿಕೆಗೆ ಪೂರ್ಣ ಓವರ್‌ಟೈಮ್ ವೇತನ ಕೊಡಲು ನಿರ್ಧರಿಸಿತು. ಹಾಜರಾತಿ ಬಡ್ತಿಯ ಲೆಕ್ಕಕ್ಕೆ ಬರುವ ಕಡೆ ಸ್ವಇಚ್ಛೆ ಎಂಬ ಮಾತು ಹೆಸರಿಗಷ್ಟೇ ಉಳಿಯುತ್ತದೆ ಎಂಬ ಟೀಕೆಗೆ ಈ ಪ್ರಕರಣ ಬಲ ಕೊಟ್ಟಿತು.

ಅಮೆರಿಕದಲ್ಲಿ ತಕರಾರು ಎದ್ದದ್ದು ಇನ್ನೊಂದು ಕಡೆಯಿಂದ. ಅಲ್ಲಿನ 1935ರ ಕಾರ್ಮಿಕ ಸಂಬಂಧ ಕಾಯ್ದೆ ಮಾಲೀಕರು ತಾವೇ ಕಾರ್ಮಿಕ ಸಂಘಟನೆ ಕಟ್ಟಿ ನಡೆಸುವುದನ್ನು ನಿಷೇಧಿಸುತ್ತದೆ. ಇಂಡಿಯಾನಾದ ಎಲೆಕ್ಟ್ರೋಮೇಷನ್ ಕಂಪನಿ ರಚಿಸಿದ ನೌಕರರ ಸಮಿತಿಗಳು ವೇತನ, ಹಾಜರಾತಿಯಂಥ ವಿಷಯಗಳನ್ನು ಚರ್ಚಿಸಿದ್ದರಿಂದ ಈ ನಿಷೇಧದೊಳಗೆ ಬರುತ್ತವೆಂದು 1992ರಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ತೀರ್ಮಾನಿಸಿತು. ನಿಷೇಧವನ್ನು ಸಡಿಲಿಸುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿದರೂ 1996ರ ಜುಲೈನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅದಕ್ಕೆ ವೀಟೊ ಹಾಕಿದರು.

ಇಂದಿನ ಸ್ಥಿತಿ

ಪಶ್ಚಿಮದಲ್ಲಿ ಗುಣಮಟ್ಟ ವೃತ್ತವೆಂಬ ಹೆಸರು ಹೆಚ್ಚುಕಡಿಮೆ ಮರೆಯಾಗಿದೆ. ಕೈಜೆನ್ ತಂಡ, ಲೀನ್ ತಂಡ ಮುಂತಾದ ಹೆಸರುಗಳಲ್ಲಿ ಅದರ ವಿಧಾನಗಳು ಮುಂದುವರಿದಿವೆ. ಸಾಫ್ಟ್‌ವೇರ್ ತಂಡಗಳು ನಡೆಸುವ ರೆಟ್ರೋಸ್ಪೆಕ್ಟಿವ್ ಸಭೆ ಇದಕ್ಕೆ ಹತ್ತಿರದ್ದು. ತಂಡ ಆಗಾಗ ತನ್ನ ಕೆಲಸವನ್ನು ತಾನೇ ಹಿಂತಿರುಗಿ ನೋಡಿ ತಿದ್ದಿಕೊಳ್ಳಬೇಕೆಂಬುದು 2001ರ ಅಜೈಲ್ ಪ್ರಣಾಳಿಕೆಯ ಹನ್ನೆರಡು ತತ್ತ್ವಗಳಲ್ಲಿ ಕೊನೆಯದು. ಆದರೆ ಅಲ್ಲಿ ಅಂಕಿ ಅಂಶಗಳ ಸಂಗ್ರಹಕ್ಕಿಂತ ಸದಸ್ಯರ ಅಭಿಪ್ರಾಯಕ್ಕೆ ಹೆಚ್ಚು ಜಾಗ, ಮತ್ತು ಹಾಜರಿ ಐಚ್ಛಿಕವಲ್ಲ.

ಏಷ್ಯಾದ ದೇಶಗಳಲ್ಲಿ ವೃತ್ತಗಳು ಮೂಲ ಹೆಸರಿನಲ್ಲೇ ಉಳಿದಿವೆ, ಅವುಗಳ ಅಂತರರಾಷ್ಟ್ರೀಯ ಸಮಾವೇಶ ಸರದಿಯ ಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತದೆ. ಭಾರತದಲ್ಲಿ ಉಕ್ಕು, ವಾಹನ ಮತ್ತು ವಿದ್ಯುತ್ ಉದ್ಯಮಗಳಲ್ಲದೆ ಆಸ್ಪತ್ರೆಗಳಲ್ಲೂ ವೃತ್ತಗಳಿವೆ. ಲಖನೌದ ಸಿಟಿ ಮಾಂಟೆಸರಿ ಶಾಲೆ 1990ರ ದಶಕದಲ್ಲಿ ವಿದ್ಯಾರ್ಥಿಗಳ ಗುಣಮಟ್ಟ ವೃತ್ತಗಳನ್ನು ಆರಂಭಿಸಿತು. ಆ ಮಾದರಿ ನೇಪಾಳ ಮತ್ತು ಮಾರಿಷಸ್‌ಗೂ ಹೋಯಿತು. ಕಾರ್ಖಾನೆಗಳಲ್ಲಿ ಗುತ್ತಿಗೆ ಮತ್ತು ತರಬೇತಿ ನೌಕರರ ಪಾಲು ಏರಿರುವುದು ಈಗಿನ ದೊಡ್ಡ ತೊಡಕು. ಒಂದೇ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತವರ ಅನುಭವವನ್ನು ನೆಚ್ಚಿಕೊಂಡ ವ್ಯವಸ್ಥೆ ಇದು. ಕೆಲವು ತಿಂಗಳಿಗೆ ಬದಲಾಗುವ ಕೈಗಳನ್ನು ಹೆಚ್ಚಿನ ಕಡೆ ವೃತ್ತಕ್ಕೆ ಸೇರಿಸಿಕೊಳ್ಳುವುದೇ ಇಲ್ಲ.